ಹಚ್ಚಿದ ಕಣಗಿಲ, ತಾನೇ ಬಂದ ಕಣಗಿಲ

ಸುಜಾತಾ ಅಕ್ಕೋರು ಗಿಡದ ಮುಂದೆ ನಿಂತು ಯಾವತ್ತೂ ಹೂವು ಚೆಂದ ಅಂದವರಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, “ಏನವಾ, ನಿನ್ನ ಯಾರರ ಹಚ್ಚ್ಯಾರೋ, ನೀನ ಬಂದೀಯೋ?” ಎಂದು ವಿಚಾರಣೆ ಶುರು ಮಾಡುತ್ತಿದ್ದರು. ದಾರಿಯಲ್ಲಿ ಹೋಗುವವರು ಮುಸಿಮುಸಿ ನಗುತ್ತಿದ್ದರು. ಅಕ್ಕೋರು ಎಲೆ ಹೊರಳಿಸಿ, ಎಸಳು ಬಿಡಿಸಿ, ಕಾಯಿ ಇದೆಯೋ ಇಲ್ಲವೋ ಹುಡುಕಿ, ತೀರ್ಪು ಕೊಟ್ಟ ಮೇಲೆಯೇ ಮುಂದಕ್ಕೆ ಹೆಜ್ಜೆ ಇಡುತ್ತಿದ್ದದ್ದು.

ಸುರಪುರದಿಂದ ದೇವಾಪುರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆ ನಮ್ಮದು. ಅವರು ವಿಜ್ಞಾನಕ್ಕೆ, ನಾನು ಕನ್ನಡಕ್ಕೆ. ಅವರ ಊರು ಯಾದಗಿರಿ ಹತ್ತಿರದ ಮುದನಾಳ; ಸುರಪುರದಲ್ಲಿ ಒಂದು ಖೋಲಿ ಹಿಡಿದಿದ್ದರು. ಬಸ್ಸಿಳಿದು ಕಾಲುವೆಯ ಏರಿ ಮೇಲೆ ಇಬ್ಬರೂ ನಡೆಯಬೇಕಿತ್ತು. ನಡೆಯುವುದು ಎಲ್ಲಿ ಬಂತು, ಅವರ ಜೊತೆ ಹೊರಟರೆ ನನಗೆ ದಿನಾ ಪ್ರಾರ್ಥನೆ ತಪ್ಪುತ್ತಿತ್ತು.

ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ಹಸಿರೇ ಬದಲಾಯಿತು. ಜೋಳದ ಹೊಲಗಳಲ್ಲಿ ಭತ್ತ ನಿಂತಿತು. ಏರಿಯ ತುಂಬ ಹೆಸರು ಗೊತ್ತಿಲ್ಲದ ಗಿಡಗಳು ಹಬ್ಬಿದವು. ಯಾರನ್ನು ಕೇಳಿದರೂ ಒಂದೇ ಮಾತು, “ತಾನ ಬೆಳದಾದ್ರಿ.” ಆ ಮಾತು ಕಿವಿಗೆ ಬಿದ್ದರೆ ಸಾಕು, ಅಕ್ಕೋರ ಮುಖ ಕೆಂಪಾಗುತ್ತಿತ್ತು.

“ತಾನ ಬೆಳದಾದ ಅಂದ್ರ ಜವಾಬ್ದಾರಿ ಯಾರದೂ ಅಲ್ಲ ಅಂದಂಗಾತು ನೋಡ್ರಿ ಮಾಸ್ತರ್ರ. ಯಾರೋ ಒಬ್ರು ತಂದು ಹಚ್ಚಿರ್ತಾರ. ಆಮ್ಯಾಲ ಕೈ ಝಾಡಿಸ್ಕೊಂಡು ಹೋಗ್ತಾರ. ಹಚ್ಚಿದವ್ರ ಕೀಳ್ಬೇಕು.”

ಎಲ್ಲಕ್ಕಿಂತ ಅವರು ಬೆನ್ನು ಹತ್ತಿದ್ದು ಕಣಗಿಲವನ್ನು. ಮಕ್ಕಳನ್ನು ಗುಡ್ಡದ ಬುಡದ ಹಳ್ಳಕ್ಕೆ ಕರೆದೊಯ್ದು ತೋರಿಸುತ್ತಿದ್ದರು: ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟಿದ ಕಣಗಿಲಕ್ಕೆ ಒಂದೇ ಸುತ್ತು ಎಸಳು, ಉದ್ದನೆಯ ಕಾಯಿ; ಕಾಯಿ ಒಡೆದರೆ ಅರಳೆ ಹಚ್ಚಿದ ಬೀಜ ಗಾಳಿಗೆ ಹಾರುತ್ತದೆ, ನೀರಿಗೆ ಬಿದ್ದು ಇನ್ನೆಲ್ಲೋ ಹುಟ್ಟುತ್ತದೆ. ತೋಟಕ್ಕೆಂದು ಸಾಕಿದ ಜಾತಿಗೆ ಸುತ್ತಿನ ಮೇಲೆ ಸುತ್ತು. ನೋಡಲಿಕ್ಕೆ ಭಾರಿ, ಆದರೆ ಕಾಯಿ ಕಟ್ಟುವುದು ಕಾಣುವುದಿಲ್ಲ. ಟೊಂಗೆ ಕಡಿದು ನೆಟ್ಟರಷ್ಟೇ ಬದುಕು. “ವಿಷ ಮಾತ್ರ ಎರಡರಾಗೂ ಅದ. ಎಲಿ ಬಾಯಾಗ ಇಟ್ಟವನ ಕೈ ಮುರೀತೀನಿ,” ಎಂದು ಪಾಠ ಮುಗಿಸುತ್ತಿದ್ದರು. ಒಮ್ಮೆ ಶಾಲೆಗೆ ಬಂದ ದೊಡ್ಡ ಸಾಹೇಬರ ಕೊರಳಿನ ಹಾರದಲ್ಲಿ ಕಣಗಿಲ ಕಂಡು, ಭಾಷಣದ ನಡುವೆಯೇ ಹಾರ ತೆಗೆಸಿ ಕೈ ತೊಳೆಸಿದ್ದರು. ಸಾಹೇಬರು ಪಾಪ, ಸೋಪು ಕೂಡ ಕೇಳಿ ತೊಳೆದುಕೊಂಡರು.

ನಮ್ಮ ಶಾಲೆಯ ಬಿಸಿಯೂಟ ಮಾಡುತ್ತಿದ್ದವಳು ಕೇರಿಯ ಹನಮವ್ವ. ಅವಳ ಕೈಯ ಅಡುಗೆಯನ್ನು ಊರಿನ ಕೆಲವರು ಮೊದಲಿನಿಂದಲೂ ಸಹಿಸಿರಲಿಲ್ಲ. ಬಾಯಿಬಿಟ್ಟು ಹೇಳಲಾರರು, ಹೇಳಿದರೆ ಕೇಸಾಗುತ್ತದೆ. ನೆಪಕ್ಕೆ ಕಾಯುತ್ತಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಬಸಣ್ಣನ ಆಡುಗಳು ಒಂದು ದಿನ ನೀರಾವರಿ ಇಲಾಖೆಯ ಕಾಲುವೆ ಬಂಗಲೆಯ ಹಿಂದೆ ಸತ್ತು ಬಿದ್ದಾಗ ನೆಪ ಸಿಕ್ಕಿತು. ಆಡುಗಳ ಬಾಯಲ್ಲಿ ಕಣಗಿಲದ ಎಲೆ ಇತ್ತು. ಊರಲ್ಲಿ ಕಣಗಿಲ ಇರುವುದು ಹನಮವ್ವನ ಅಂಗಳದಲ್ಲಿ ಮಾತ್ರ ಎಂದು ಎಲ್ಲರ ನಂಬಿಕೆ. ಶನಿವಾರ ಹನಮಪ್ಪನ ಗುಡಿಗೆ ಅಲ್ಲಿಂದಲೇ ಹೂ ಹೋಗುತ್ತಿತ್ತು. ನೋಡಿ ಎಂಥ ಜನ: ಅವಳ ಅಂಗಳದ ಹೂ ದೇವರಿಗೆ ನಡೆಯುತ್ತದೆ, ಅವಳ ಕೈಯ ಅನ್ನ ಮಕ್ಕಳಿಗೆ ನಡೆಯುವುದಿಲ್ಲ!

ಬಸಣ್ಣ ಸತ್ತ ಆಡುಗಳ ಪಕ್ಕ ಬಿದ್ದಿದ್ದ ಬಾಡಿದ ಟೊಂಗೆಯೊಂದನ್ನು ಹಿಡಿದು ಶಾಲೆಯ ಅಂಗಳಕ್ಕೆ ಬಂದ. ಹಿಂದೆ ಅರ್ಧ ಊರೇ ಇತ್ತು.

“ಆಡಿಗೆ ವಿಷ ಹಾಕಿದಾಕಿ ನಾಳೆ ಹುಡುಗ್ರಿಗೆ ಹಾಕಂಗಿಲ್ಲ ಅನ್ನಾಕ ಏನ್ ಖಾತ್ರಿ? ಇವತ್ತ ಕೆಲಸ ಬಿಡಿಸ್ರಿ.”

ಹನಮವ್ವ ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. “ನಾ ಯಾಕ್ ಹಾಕ್ಲಿರಿ ಯಪ್ಪಾ,” ಎಂದಳು. ಅದು ಯಾರಿಗೂ ಕೇಳಿಸಲಿಲ್ಲ.

ಅಕ್ಕೋರು ಬಂದು ಟೊಂಗೆಯನ್ನು ಬಸಣ್ಣನ ಕೈಯಿಂದ ಕಸಿದುಕೊಂಡರು. ತುದಿಯಲ್ಲಿ ಒಣಗಿದ ಹೂಗಳಿದ್ದವು. ಒಂದನ್ನು ನೀರಲ್ಲಿ ಅದ್ದಿ, ಮೆತ್ತಗೆ ಬಿಡಿಸಿದರು. ಸುತ್ತಿನೊಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು.

“ನಡೀರಿ,” ಎಂದರು.

ಎಲ್ಲರನ್ನೂ ಹನಮವ್ವನ ಅಂಗಳಕ್ಕೆ ಎಳೆದುಕೊಂಡು ಹೋದರು. ಅಲ್ಲಿದ್ದದ್ದು ಒಂದೇ ಸುತ್ತಿನ ಹೂ, ಗಿಡದ ತುಂಬ ಕಾಯಿ. ಅಲ್ಲಿಂದ ಸೀದಾ ಕಾಲುವೆ ಬಂಗಲೆ. ಅದರ ಬೇಲಿಯ ಗಿಡ ದಪ್ಪ ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು. ಜನ ಅದನ್ನು ಕಣಗಿಲ ಎಂದು ತಿಳಿದೇ ಇರಲಿಲ್ಲ. ‘ಬಂಗ್ಲಿ ಗುಲಾಬಿ’ ಎನ್ನುತ್ತಿದ್ದರು. ಯಾರೋ ಸಾಹೇಬರು ಬರುತ್ತಾರೆಂದು ಆ ವಾರ ಬೇಲಿ ಸವರಿ, ಕಡಿದ ಟೊಂಗೆಗಳನ್ನು ಹಿಂದೆ ಏರಿಯ ಮೇಲೆ ಚೆಲ್ಲಿದ್ದರು. ಹಸಿ ಕಣಗಿಲವನ್ನು ಮೂಸಿ ಬಿಡುವ ಆಡು ಬಾಡಿದ್ದನ್ನು ತಿಂದುಬಿಡುತ್ತದೆ. ಚೆಲ್ಲಿದ ರಾಶಿ ಇನ್ನೂ ಅಲ್ಲೇ ಬಿದ್ದಿತ್ತು, ಅದರ ಹೂವಲ್ಲೂ ಅದೇ ಸುತ್ತು.

ಬಂಗಲೆಯ ಕಾವಲುಗಾರ ಗೊಣಗಿದ, “ಅದು ಕಾಲುವಿ ನೀರಾಗ ಬಂದು ತಾನ ಬೆಳದಾದ್ರಿ.”

“ಕಾಯಿ ತೋರ್ಸು,” ಎಂದರು ಅಕ್ಕೋರು. “ಒಂದ ಒಂದು ಕಾಯಿ ತೋರ್ಸು, ನಾ ನೌಕರಿ ಬಿಡ್ತೀನಿ. ಬೀಜನ ಇಲ್ಲದ್ದು ನೀರಾಗ ಹ್ಯಾಂಗ ಬಂತು? ಸಾಲು ಹಿಡದು ಹ್ಯಾಂಗ ಹುಟ್ತು? ಚೆಂದ ಕಾಣ್ಲಿ ಅಂತ ನೀವ ಹಚ್ಚೀರಿ, ನೀವ ಕಡ್ದು ಒಗದೀರಿ. ಹೆಸರು ಆಕೀದು ಕೆಡಸಾಕತ್ತೀರಿ.”

ಬಸಣ್ಣ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು, “ಆಯ್ತು ಬಿಡ್ರಿ, ಆಗಿದ್ದು ಆಗಿ ಹೋತು,” ಎಂದ. ಅಷ್ಟೇ. ಆ ‘ಆಯ್ತು ಬಿಡ್ರಿ’ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆಂಗಸೊಬ್ಬಳನ್ನು ಊರ ಮುಂದೆ ವಿಷ ಹಾಕಿದವಳು ಅನ್ನುವಾಗ ಇದ್ದ ದನಿ, ಮಾಫಿ ಕೇಳುವಾಗ ಎಲ್ಲಿ ಹೋಗುತ್ತದೆ?

ಅಕ್ಕೋರು ಅಷ್ಟಕ್ಕೆ ಬಿಡಲಿಲ್ಲ. ದಿನಾ ಮುಂಜಾನೆ ಬಂಗಲೆಯ ಗೇಟಿನ ಮುಂದೆ ನಿಂತು, “ಯಾವಾಗ ಕೀಳ್ತೀರಿ?” ಎಂದು ಕೇಳಿದರು. ಬೇಸತ್ತು ಬಂಗಲೆಯವರೇ ಬೇಲಿ ಕಿತ್ತರು. ಹನಮವ್ವನ ಕೆಲಸ ಉಳಿಯಿತು. ಅಕ್ಕೋರು ನಿವೃತ್ತಿಯಾಗುವವರೆಗೂ ಮಕ್ಕಳ ಸಾಲಿನಲ್ಲಿ ಕೂತು, ಅವಳು ಬಡಿಸಿದ್ದನ್ನೇ ಉಂಡರು. ಬಸಣ್ಣ ಶಾಲೆಗೆ ಬಂದ ದಿನ ಬೇಕೆಂದೇ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು.

ಅವರು ಮುದನಾಳದಲ್ಲಿ ತೀರಿಕೊಂಡ ಸುದ್ದಿ ಬಂದ ವಾರ ಶಾಲೆಯಲ್ಲಿ ಸಭೆ ಇಟ್ಟರು. ಹೊಸ ಮುಖ್ಯೋಪಾಧ್ಯಾಯರು ಅವರನ್ನು ಕಂಡವರೇ ಅಲ್ಲ. “ಅಕ್ಕೋರಿಗೆ ಕಣಗಿಲ ಅಂದ್ರ ಜೀವ ಆಗಿತ್ತಂತ ಕೇಳೀನಿ,” ಎಂದು ಯಾದಗಿರಿಯ ನರ್ಸರಿಯಿಂದ ಒಂದು ಸಸಿ ತರಿಸಿದ್ದರು. ನಾನು ಬಸ್ಸು ತಪ್ಪಿ ತಡವಾಗಿ ಮುಟ್ಟುವಷ್ಟರಲ್ಲಿ ಬಸಣ್ಣ ಅದನ್ನು ನೆಟ್ಟು, ನೀರು ಹಾಕಿ, ಫೋಟೋಕ್ಕೆ ನಿಂತಿದ್ದ. ಮಕ್ಕಳು ತಾಟು ತೊಳೆಯುವ ನಲ್ಲಿಯ ಪಕ್ಕದಲ್ಲೇ. ಗುಲಾಬಿ ಬಣ್ಣ, ಸುತ್ತಿನ ಮೇಲೆ ಸುತ್ತು.

ಆ ಮುಖದಲ್ಲಿ ಚೂರೂ ಪಶ್ಚಾತ್ತಾಪ ಇರಲಿಲ್ಲ. ಇವನಿಗೆ ಮರೆತೇ ಹೋಗಿದೆ! ಹೆಸರು ಕೆಟ್ಟದ್ದು ಇವನದಲ್ಲವಲ್ಲ, ನೆನಪು ಯಾಕಿರುತ್ತದೆ? ಕೂಗಾಡಬೇಕೆಂದು ನಾನು ಮುಂದೆ ಹೋದೆ. ಅಷ್ಟರಲ್ಲಿ ಅಡುಗೆ ಕೋಣೆಯಿಂದ ಹನಮವ್ವ ಹೊರಗೆ ಬಂದಳು. ಕೈಯಲ್ಲಿ ಬೂದಿ ಬಳಿಯುವ ಸಲಿಕೆ ಇತ್ತು. ಬಸಣ್ಣನ ಎದುರು ಎಂದೂ ತಲೆಯೆತ್ತಿ ನಿಂತವಳಲ್ಲ. ಅವತ್ತು ನೆಟ್ಟಗೆ ನಡೆದುಬಂದು ಸಲಿಕೆಯನ್ನು ಅವನ ಕಾಲ ಬಳಿ ಇಟ್ಟಳು.

“ಹಚ್ಚಿದವ್ರ ಕೀಳ್ಬೇಕು ಅಂತಿದ್ರು ಅಕ್ಕೋರು,” ಎಂದಳು. “ಕೀಳ್ರಿ ಬಸಣ್ಣಾರ.”

ಈ ಸಲ ಅವಳ ಮಾತು ಎಲ್ಲರಿಗೂ ಕೇಳಿಸಿತು. ಬಸಣ್ಣ ಮುಖ್ಯೋಪಾಧ್ಯಾಯರ ಕಡೆ ನೋಡಿದ, ನನ್ನ ಕಡೆ ನೋಡಿದ. ಯಾರೂ ‘ಆಯ್ತು ಬಿಡ್ರಿ’ ಅನ್ನಲಿಲ್ಲ. ಅವನು ಬಗ್ಗಿ ಸಲಿಕೆ ಎತ್ತಿಕೊಂಡ.