ಗುನ್ನಾರಜ್ಜನ ಸುತ್ತುದಾರಿ

ಜುಲೈ ಮುಗಿಯುತ್ತಿದ್ದಂತೆ ನಾನೀಗಿರುವ ಸ್ವೀಡಿಷ್ ಪಟ್ಟಣ ಲುಲೆಯೊದ ಪೇಟೆ ಚೌಕಕ್ಕೆ ಯುಟ್ರಾನ್ ಹಣ್ಣು ಬರುತ್ತದೆ. ಜೌಗು ನೆಲದಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಜೇನಿಗೆ ಹುಳಿ ಹಿಂಡಿದಂಥ ವಾಸನೆ, ಅದರಡಿಯಲ್ಲಿ ಸ್ವಲ್ಪ ಕೆಸರು. ಅದು ಮೂಗಿಗೆ ಬಡಿದರೆ ಮುಗಿಯಿತು, ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಫೀಕಾ ಎಂದು ಕಾಫಿಗೆ ಕೂತರೆ ನಾನು ಕಪ್ಪು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುತ್ತೇನೆ. ಎಲ್ಲಿಗೋ ಹೊರಡಬೇಕಿತ್ತು, ತಡವಾಯಿತು ಎಂಬ ತಳಮಳ.

ನಾನು ಬೆಳೆದದ್ದು ಇಲ್ಲಿಂದ ಪಶ್ಚಿಮಕ್ಕೆ, ಒಳನಾಡಿನ ಒಂದು ಕೊಮ್ಯೂನಿನಲ್ಲಿ. ನಮ್ಮ ತಾಲ್ಲೂಕು ಇದ್ದಂತೆ, ಆದರೆ ಮನುಷ್ಯರಿಗಿಂತ ಕೆರೆಗಳೇ ಜಾಸ್ತಿ ಎಂದು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿದ್ದ ಅಪ್ಪ ನಗುತ್ತಿದ್ದರು. ಒಂದು ನದಿ, ಒಂದು ರಸ್ತೆ, ಉಳಿದದ್ದೆಲ್ಲ ಕಾಡು. ಪಕ್ಕದ ಮನೆಯಲ್ಲಿ ಗುನ್ನಾರಜ್ಜ ಒಬ್ಬರೇ ಇದ್ದರು. ಆ ಊರಿನ ಚರಿತ್ರೆಯೆಲ್ಲ ನನಗೆ ಅವರ ಬಾಯಿಂದಲೇ ಗೊತ್ತು. ಹಿಂದೆ ಮರದ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಡುತ್ತಿದ್ದರಂತೆ. ಅವರ ತಾತನ ಕಾಲದಲ್ಲಿ ಅರ್ಧ ಊರೇ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಯಾವುದೋ ಕಾಡಿನ ಕೌಂಟಿಯಲ್ಲಿ ಇದೇ ಹೆಸರಿನ ಊರು ಕಟ್ಟಿತಂತೆ. "ಹೋದವರು ಹೆಸರನ್ನೂ ಹೊತ್ತುಕೊಂಡು ಹೋದರು, ಹಣ್ಣಿನ ಜಾಗ ಮಾತ್ರ ನಮಗೆ ಬಿಟ್ಟರು" ಎನ್ನುತ್ತಿದ್ದರು ಸ್ವೀಡಿಷ್‌ನಲ್ಲಿ.

ಆ ಜಾಗವೇ ಅವರ ಆಸ್ತಿ. ಅಲ್ಲಿ ಯಾರ ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು ಕೀಳಬಹುದು, ಹಾಗಾಗಿಯೇ ಯುಟ್ರಾನ್ ಬೆಳೆಯುವ ಜೌಗನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗುನ್ನಾರಜ್ಜ ಮೊದಲು ಕಾರನ್ನು ಚರ್ಚಿನ ಕಡೆಗೆ, ಅಂದರೆ ತದ್ವಿರುದ್ಧ ದಿಕ್ಕಿಗೆ ಓಡಿಸಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸುತ್ತಿ ಬರುತ್ತಿದ್ದರು. ಮಕ್ಕಳಿಲ್ಲದ ಅವರು ಒಂದು ಬೇಸಿಗೆ ಅಮ್ಮನನ್ನೂ ನನ್ನನ್ನೂ ಅಲ್ಲಿಗೆ ಕರೆದೊಯ್ದರು. ನಾವು ಆ ಊರಿನವರಾದದ್ದು ಅಂದು.

ಮರುವರ್ಷ ಲುಲೆಯೊದಿಂದ ಕನ್ನಡದ ಮೂರ್ನಾಲ್ಕು ಸಂಸಾರಗಳು ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮನೆಗೆ ಬಂದವು. ಅರಿಶಿನ ಕುಂಕುಮಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ತಟ್ಟೆಯಲ್ಲಿಡಲು ಆ ಊರಿನಲ್ಲಿ ತೆಂಗಿನಕಾಯಿ ಸಿಗಲಿಲ್ಲ, ಬದಲಿಗೆ ಯುಟ್ರಾನ್ ಆದರೂ ಆಗಲಿ ಎನ್ನಿಸಿತು. ಅಮ್ಮ ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬೂಟು ಹಾಕಿಕೊಂಡು, ಎಲ್ಲರನ್ನೂ ನೆಟ್ಟಗೆ ಜೌಗಿಗೇ ಹೊರಡಿಸಿದಳು. ವಾಪಸು ಬರುವಾಗ ಬಕೆಟ್ ಹಿಡಿದ ಗುನ್ನಾರಜ್ಜ ಎದುರಾದರು. ನಮ್ಮ ಗದ್ದಲ ನೋಡಿದರು, ಖಾಲಿ ಬಕೆಟ್ಟಿನೊಂದಿಗೇ ಹಿಂದಿರುಗಿದರು.

"ಹಣ್ಣು ಹಂಚ್ಕೊಂಡ್ರೆ ತಪ್ಪೇನ್ರೀ?" ಎಂದು ಅಮ್ಮ ಅತ್ತಳು. "ಹಣ್ಣಲ್ಲ ಕಣೇ, ಜಾಗ" ಎಂದರು ಅಪ್ಪ.

ಆ ಚಳಿಗಾಲ ಪಕ್ಕದ ಮನೆಯ ಬಾಗಿಲು ನಮಗೆ ತೆರೆಯಲಿಲ್ಲ. ಅಮ್ಮ ಕಳಿಸಿದ ಕೇಸರಿಬಾತಿನ ಡಬ್ಬಿ ಮೆಟ್ಟಿಲ ಮೇಲೇ ಹೆಪ್ಪುಗಟ್ಟಿತು. ನನಗಿದ್ದ ಒಬ್ಬನೇ ಅಜ್ಜ ಕೈತಪ್ಪಿದನೆಂದು ಕಿಟಕಿಯಿಂದ ಅವರ ಹೊಗೆಗೂಡು ನೋಡುತ್ತ ಶತಪಥ ಹಾಕುತ್ತಿದ್ದೆ. ಈಗಿನ ಚಡಪಡಿಕೆ ಅಲ್ಲಿಂದಲೇ ಅಂಟಿಕೊಂಡದ್ದು.

ಬೇಸಿಗೆಯಲ್ಲಿ ಅವರೇ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ತೊಳೆದ ಡಬ್ಬಿ. "ಇನ್ನೊಂದು ಜೌಗಿದೆ, ಅದಕ್ಕಿಂತ ಒಳ್ಳೆಯದು. ಬನ್ನಿ" ಎಂದರು. ಅಮ್ಮ ಹಿಂದೆ ಸರಿದು ನನ್ನನ್ನು ಮುಂದೆ ತಳ್ಳಿದಳು. "ನಿಂಗೊಬ್ಳಿಗೆ ತೋರಿಸ್ಲಿ. ನಂಗೆ ಬೇಡಪ್ಪ, ನಾನು ಯಾರಿಗಾದ್ರೂ ಹೇಳ್ಬಿಡ್ತೀನಿ ಅನ್ನು." ನಾನು ಅದನ್ನು ಸ್ವೀಡಿಷ್‌ಗೆ ತಿರುಗಿಸಿದಾಗ ಗುನ್ನಾರಜ್ಜ ಗೋಡೆ ಹಿಡಿದುಕೊಂಡು ನಕ್ಕರು.

ಆಮೇಲೆ ನನ್ನ ಶಾಲೆ ಮುಚ್ಚಿತು, ಆರೋಗ್ಯ ಕೇಂದ್ರ ಮುಚ್ಚಿತು, ನಾವು ಲುಲೆಯೊಕ್ಕೆ ಬಂದೆವು. ಗುನ್ನಾರಜ್ಜ ಆ ಊರಿನ ಚರ್ಚಿನ ಅಂಗಳದ ಮಣ್ಣಿನಲ್ಲಿ ಮಲಗಿದ್ದಾರೆ. ಹೋದ ಬೇಸಿಗೆ ತಳಮಳ ತಾಳಲಾರದೆ ಒಬ್ಬಳೇ ಅಲ್ಲಿಗೆ ಹೋದೆ. ನಮ್ಮ ಹಳೆಯ ಬೀದಿಯ ಮನೆಗಳೆಲ್ಲ ಖಾಲಿ, ಒಂದು ಕಿಟಕಿಗೂ ಪರದೆ ಇರಲಿಲ್ಲ. ಆದರೂ ಕಾರನ್ನು ಮೊದಲು ಚರ್ಚಿನ ಕಡೆಗೇ ಓಡಿಸಿ ಸುತ್ತಿ ಬಂದೆ. ಜೌಗಿನ ತುಂಬ ಹಣ್ಣು, ಕೀಳುವವರಿಲ್ಲದೆ ಕೊಳೆಯುತ್ತಿತ್ತು. ಬಕೆಟ್ ಕೆಳಗಿಟ್ಟು, ಯಾರಾದರೂ ಹಿಂಬಾಲಿಸಿ ಬಂದರೇ ಎಂದು ತಿರುಗಿ ನೋಡಿದೆ. ಬಂದಿರಲಿ ಎಂದು ಎಷ್ಟು ಆಸೆಪಟ್ಟೆ.