ಹೊಗಳಿ ಶುರು ಮಾಡುವವರು

ಹಂಪಿ ಬಜಾರಿನಲ್ಲಿ ಯಾವನೋ ಪ್ರವಾಸಿ ಬಿಟ್ಟುಹೋದ ಹಳೆಯ ಪುಸ್ತಕವೊಂದನ್ನು ಕೊಂಡಿದ್ದೆ. ಭಾಷಣಕಲೆಯ ಮೇಲೆ ನಾನೂರು ವರ್ಷದ ಹಿಂದೆ ಬರೆದ ಲ್ಯಾಟಿನ್ ಗ್ರಂಥದ ಇಂಗ್ಲಿಷ್ ಅನುವಾದ. ಮೊದಲು ಕೇಳುಗರನ್ನು ಹೊಗಳಬೇಕು, ಆಮೇಲೆ ಸಣ್ಣದೊಂದು ತಪ್ಪು ಒಪ್ಪಿಕೊಳ್ಳಬೇಕು, ಕೊನೆಗೆ ಬೇಕಾದ್ದನ್ನು ಕೇಳಬೇಕು ಎಂದು ಅದು ಕಲಿಸುತ್ತಿತ್ತು. ಓದಿದ ಮೇಲೆ ಯಾರು ಸವಿಯಾಗಿ ಮಾತಾಡಿದರೂ ನನಗೆ ಅನುಮಾನ.

ನಾನು ಮಾಸ್ತರನಾಗಿದ್ದ ಸಂಡೂರಿನ ಹಳ್ಳಿಗೆ ಗಣಿ ಕಂಪನಿಯವನೊಬ್ಬ ಬಂದ. ಸಭೆ ಸೇರಿಸಿ ಊರವರನ್ನು ಹೊಗಳಿದ, ಧೂಳಿಗೆ ಕ್ಷಮೆ ಕೇಳಿದ, ಅದಿರಿನ ಲಾರಿಗಳಿಗೆ ಹೊಲಗಳಲ್ಲಿ ದಾರಿ ಕೇಳಿದ. ಥೇಟ್ ಪುಸ್ತಕ! ತಡೆಯಲಾಗದೆ ಎದ್ದು ನಿಂತು, ಅವನ ಜಾಣತನವನ್ನೆಲ್ಲ ಜನರೆದುರು ಬಿಡಿಸಿಟ್ಟೆ.

ಮುಂದೆ ಕೂತಿದ್ದ ಅಜ್ಜಿ ನನ್ನನ್ನೇ ದಿಟ್ಟಿಸಿದಳು. “ನೀವೂ ಭಾಳ ಚಂದ ಮಾತಾಡ್ತೀರಿ ಮಾಸ್ತರ್ರ. ನಿಮ್ಮ ಹಿಂದ ಯಾವ ಕಂಪನಿ ಐತ್ರಿ?”

ಮೈಯೆಲ್ಲ ಉರಿಯಿತು. ಆದರೆ ನಾನು ಮಾತು ಶುರು ಮಾಡಿದ್ದೇ “ಈ ಊರಿನ ಮಂದಿ ಭಾಳ ಶಾಣ್ಯಾರು” ಎಂದು.