ಮೆಕ್ಕೆಜೋಳದ ಕೂಳೆ

ಮೊಲದ ಬೇಟೆಯ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಾನು ಓದಿದವಳು, ಕಾಲೇಜಿನಲ್ಲಿ ಪಾಠ ಮಾಡುವವಳು, ಹಾಗಾಗಿ ನನಗೆ ಬೇಟೆ ಕಂಡರಾಗದು ಎಂದು ಮನೆಯವರೆಲ್ಲ ತೀರ್ಮಾನಿಸಿಕೊಂಡಿದ್ದಾರೆ. ಅದು ಕಾನೂನಿಗೆ ವಿರುದ್ಧವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಮೊಲದ ಸಾರನ್ನು ನಾನೂ ಉಂಡಿದ್ದೇನೆ. ನನ್ನ ಸಿಟ್ಟು ಇರುವುದು ಒಂದು ಸುಳ್ಳಿನ ಮೇಲೆ.

ನಮ್ಮ ನಾಯಿ ಹೆಣ್ಣು. ಮುಧೋಳದ ತಳಿಗೆ ನಮ್ಮ ಕಡೆಯ ಬೇಟೆನಾಯಿ ಬೆರೆತದ್ದು. ಉದ್ದ ಮೂತಿ, ಒಳಕ್ಕೆ ಸೇದಿಕೊಂಡ ಹೊಟ್ಟೆ. ಮರಿಯಾಗಿದ್ದಾಗ ಅದನ್ನು ತಂದವರು ದೊಡ್ಡಪ್ಪ. ಅವರ ಮನೆಯಲ್ಲಿ ಕೋಳಿಗಳಿದ್ದವು, ಆದ್ದರಿಂದ ಹೊಸಬಾಳೆ ದಾರಿಯ ನಮ್ಮ ಮನೆಗೆ ತಂದು ಬಿಟ್ಟರು. ಹಾಲನ್ನ ಕಲಸಿ ಹಾಕಿದವಳು, ಕಿವಿಯೊಳಗಿನ ಉಣ್ಣೆ ಕಿತ್ತವಳು, ಚಳಿಗೆ ಗೋಣಿಚೀಲ ಹೊದಿಸಿದವಳು ನಾನು. ಸುಗ್ಗಿ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಹೆಗಲ ಮೇಲೆ ಕೆಂಪು ಟವೆಲ್ ಹಾಕಿಕೊಂಡು ಬರುತ್ತಿದ್ದರು. ಅದನ್ನು ಕಂಡೊಡನೆ ನಾಯಿಯ ಮೈ ಸಂತೋಷಕ್ಕೆ ನಡುಗುತ್ತಿತ್ತು. ಟವೆಲನ್ನು ಕೊರಳಪಟ್ಟಿಯೊಳಗೆ ತೂರಿಸಿ ಎರಡೂ ತುದಿ ಹಿಡಿದುಕೊಂಡು ಬಯಲಲ್ಲಿ ನಡೆಯುತ್ತಾರೆ. ಮೊಲ ಎದ್ದಾಗ ಒಂದು ತುದಿ ಬಿಟ್ಟರೆ ಸಾಕು, ನಾಯಿ ಹೊರಟಿರುತ್ತದೆ.

ಇದಕ್ಕೆ ನಮ್ಮವರು ಕೆಲವು ಕಟ್ಟಳೆ ಇಟ್ಟುಕೊಂಡಿದ್ದಾರೆ. ಹೋದವರಿಗೆ ಒಂದೊಂದು ಪಾಲು, ಓಡಿದ ನಾಯಿಗೊಂದು ಪಾಲು, ಮೊಲ ಯಾರ ಹೊಲದಲ್ಲಿ ಬಿತ್ತೋ ಆ ಮನೆಗೂ ಒಂದು ಪಾಲು. ಇನ್ನು, ಕೊಯ್ದ ಮೆಕ್ಕೆಜೋಳದ ಹೊಲಕ್ಕೆ ಮೊಲ ನುಗ್ಗಿದರೆ ನಾಯಿ ಬಿಡಬಾರದು. ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಭತ್ತದ ಕೂಳೆ ಮೆತ್ತಗಿರುತ್ತದೆ. ಜೋಳದ ದಂಟನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದಿರುತ್ತಾರೆ. ಒಣಗಿದ ಮೇಲೆ ಸಾಲಿಗೆ ಸಾಲು ಚೂಪು ಗೂಟ ನೆಟ್ಟ ಹಾಗೆ. ಪೂರ್ತಿ ಮೈ ಚಾಚಿ ಓಡುವ ನಾಯಿಯ ಎದೆ ಸರಿಯಾಗಿ ಅದರ ಎತ್ತರಕ್ಕೇ ಬರುತ್ತದೆ. ಈ ಮಾತನ್ನು ನನಗೆ ಹೇಳಿಕೊಟ್ಟವರೂ ದೊಡ್ಡಪ್ಪನೇ.

ಹೋದ ವರ್ಷ ಅವರ ಮಗಳ ಮದುವೆ ಗೊತ್ತಾಗಿತ್ತು. ಬೀಗರಾಗುವವರು ಬಂದಿದ್ದರು, ಅವರಿಗೆ ಬಂದಳಿಕೆ ಕಡೆಯ ಬಯಲಿನಲ್ಲಿ ನಾಯಿಯ ಓಟ ತೋರಿಸುವುದೆಂದಾಯಿತು. ಅಂದು ನಾನು ಪರೀಕ್ಷೆಯ ಕೆಲಸಕ್ಕೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಬಂದಾಗ ನಾಯಿ ಅಂಗಳದಲ್ಲಿ ಮಲಗಿತ್ತು, ಎದೆಯಿಂದ ಭುಜದವರೆಗೆ ಹೊಲಿಗೆ. ಬೇಲಿಯ ತಂತಿ ತಗುಲಿ ಎದೆ ಹರಿಯಿತು, ಡಾಕ್ಟರ ಮನೆಗೇ ಒಯ್ದು ಹೊಲಿಸಿಕೊಂಡು ಬಂದೆವು ಎಂದರು ದೊಡ್ಡಪ್ಪ. ಡಾಕ್ಟರಿಗೆ ಬೇಟೆಯ ಸುದ್ದಿ ಹೇಳಿಲ್ಲ, ನೀನೂ ಹೇಳಬೇಡ ಎಂದರು. ನಾನು ಒಪ್ಪಿದೆ. ಸಂಜೆ ಮುತ್ತುಗದ ಎಲೆಯಲ್ಲಿ ನಾಯಿಯ ಪಾಲು ಬಂತು. ನಾಯಿ ಅದನ್ನು ಮೂಸಲೂ ಇಲ್ಲ.

ಹೊಲಿಗೆ ಮೇಲೆ ಒಣಗಿತು, ಒಳಗೆ ಊದುತ್ತಾ ಹೋಯಿತು. ಮೈ ಸುಡುತ್ತಿತ್ತು. ಡಾಕ್ಟರು ಇಂಜೆಕ್ಷನ್ ಬದಲಿಸಿದರು. ತಂತಿಯ ಗಾಯ ಹೀಗಾಗಬಾರದು ಎಂದು ಅವರೇ ತಲೆ ಕೆಡಿಸಿಕೊಂಡರು. ಅನ್ನ ಬಿಟ್ಟ ನಾಯಿ ಕೊನೆಗೆ ನೀರನ್ನೂ ಬಿಟ್ಟಿತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತರು. ಬಂದಳಿಕೆ ಕಡೆ ಹೊಲ ಇರುವವರು, ನಮ್ಮ ಮನೆಯವರನ್ನೆಲ್ಲ ಬಲ್ಲವರು. ಅವರಿಗೊಂದು ದೂರಿತ್ತು.

"ನಿಮ್ಮ ದೊಡ್ಡಪ್ಪಾರಿಗೆ ಹೇಳ್ರಿ. ಮೊಲ ಬಿದ್ದಿದ್ದು ನಮ್ಮ ಜೋಳದ ಹೊಲದಾಗೆ. ಬೀಗರ ಮುಂದೆ ಮೀಸೆ ತಿರುವಾಕೆ ನಮ್ಮ ಹೊಲ ಬೇಕು, ನಮಗೊಂದು ತುಂಡು ಕೊಡಾಕೆ ಕೈ ಬರಲಿಲ್ಲೇನು?"

ಜೋಳ ಕೊಯ್ದಾಗಿತ್ತೇ ಎಂದು ಕೇಳಿದೆ. ಕೊಯ್ದು, ಒಣಗಿ, ಕೂಳೆ ಹಾಗೇ ನಿಂತಿದೆ ಎಂದರು.

ಹೊಲದ ಪಾಲನ್ನು ದೊಡ್ಡಪ್ಪ ಎಂದೂ ತಪ್ಪಿಸಿದವರಲ್ಲ. ಈ ಸಲ ಕೊಟ್ಟಿದ್ದರೆ ನಾಯಿಯನ್ನು ಕೂಳೆಯ ಹೊಲಕ್ಕೆ ಬಿಟ್ಟದ್ದನ್ನು ಊರ ಮುಂದೆ ತಾವೇ ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕೇ ಕೊಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ನೇರ ದೊಡ್ಡಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದರು. ಕೂಳೆ ಚುಚ್ಚಿದ್ದೆಂದು ಡಾಕ್ಟರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರೆ ಜೋಳದ ಹೊಲಕ್ಕೆ ಎಂತಕ್ಕೆ ಹೋಗಿತ್ತು ಅಂತ ಕೇಳ್ತಾರೆ. ಮದುವೆ ಮನೆ ಮಾರಾಯ್ತಿ. ಒಂದು ನಾಯಿಗೋಸ್ಕರ ನನ್ನನ್ನ ಫಾರೆಸ್ಟಿನವರ ಕೈಗೆ ಕೊಡ್ತೀಯೇನೆ?"

ಫಾರೆಸ್ಟಿನವರ ಭಯ ಇದ್ದಿರಬಹುದು. ಆದರೆ ಅವರು ಮುಚ್ಚಿಟ್ಟದ್ದು ಬೇಟೆಯನ್ನಲ್ಲ. ಬೇಟೆಯ ಸುದ್ದಿ ಹಳ್ಳಿಗೆಲ್ಲ ಗೊತ್ತಿತ್ತು. ಇಡೀ ಊರಿಗೆ ಬುದ್ಧಿ ಹೇಳಿದವರು, ಬೀಗರು ನೋಡುತ್ತಿದ್ದಾರೆಂದು ಟವೆಲಿನ ತುದಿ ಬಿಟ್ಟರು. ಆ ನಾಚಿಕೆ ಹೊರಗೆ ಬರಬಾರದೆಂದು ನಾಯಿಯ ಎದೆಯೊಳಗೆ ಕೀವು ತುಂಬಲು ಬಿಟ್ಟರು.

ಗೂಡ್ಸ್ ಆಟೋದಲ್ಲಿ ನಾಯಿಯನ್ನು ಹಾಕಿಕೊಂಡು ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಹೊಲಿಗೆ ಬಿಚ್ಚಿ, ಒಳಗೆ ಹುಡುಕಿ, ಕಪ್ಪಾಗಿದ್ದ ಒಂದು ದಂಟಿನ ಚೂರನ್ನು ಇಕ್ಕಳದಲ್ಲಿ ಎಳೆದು ಟ್ರೇಗೆ ಹಾಕಿದರು. ನನ್ನ ಮುಖ ನೋಡದೆ ಹೇಳಿದರು: "ತಂತಿ ಅಂದ್ರಲ್ರೀ. ತಂತಿ ಮುರಿದು ಒಳಗೆ ಉಳಿಯಲ್ಲ ಅಂತ ನಾನು ಹುಡುಕಲೇ ಇಲ್ಲ." ಫಾರೆಸ್ಟಿನ ಮಾತನ್ನು ಅವರು ಎತ್ತಲಿಲ್ಲ. ಯಾರೂ ಎತ್ತಲಿಲ್ಲ.

ನಾಯಿ ಬದುಕಿತು. ಭುಜದ ಮಾಂಸ ಕೊಳೆತಿದ್ದರಿಂದ ಮುಂಗಾಲು ನೆಲಕ್ಕೆ ಪೂರ್ತಿ ಊರುವುದಿಲ್ಲ. ಮದುವೆ ಚೆನ್ನಾಗಿ ಆಯಿತು. ತಂತಿಯ ಕತೆಯನ್ನು ದೊಡ್ಡಪ್ಪ ಈಗಲೂ ಹೇಳುತ್ತಾರೆ. ಬೇಲಿ ಹಾಕಿದ ಮನುಷ್ಯನನ್ನು ಬೈಯುವ ಭಾಗವೂ ಸೇರಿಕೊಂಡಿದೆ.

ಈ ವರ್ಷ ಸುಗ್ಗಿ ಮುಗಿದ ಭಾನುವಾರ ಅವರು ಅಂಗಳಕ್ಕೆ ಬಂದರು, ಹೆಗಲ ಮೇಲೆ ಅದೇ ಟವೆಲ್. ಓಡದಿದ್ದರೂ ಚಿಂತೆಯಿಲ್ಲ, ಮೂಗು ಚುರುಕಿದೆ, ಪೊದೆಯಿಂದ ಮೊಲ ಎಬ್ಬಿಸಲಿ, ಪಾಲು ತಪ್ಪಿಸುವುದಿಲ್ಲ ಎಂದರು. ನಾಯಿ ಆಗಲೇ ಎದ್ದು, ಕುಂಟುತ್ತ, ಬಾಲ ಆಡಿಸುತ್ತ ಅವರ ಕಾಲ ಬಳಿ ಹೋಗಿ ಕತ್ತು ಚಾಚಿ ನಿಂತಿತ್ತು. ಮೈ ನಡುಗುತ್ತಿತ್ತು. ಅಷ್ಟು ಸಿಟ್ಟು ನನಗೆ ಡಾಕ್ಟರ ಟೇಬಲ್ಲಿನ ಮುಂದೆಯೂ ಬಂದಿರಲಿಲ್ಲ.

"ಮೊದಲು ಆ ಹೊಲದವರ ಪಾಲು ಕೊಟ್ಟು ಬನ್ನಿ, ದೊಡ್ಡಪ್ಪ. ಯಾಕೆ ಕೊಡ್ತಿದೀರಿ ಅಂತ ಹೇಳಿ ಕೊಡಿ."

ನಾನು ಅವರ ಹೆಗಲಿನಿಂದ ಟವೆಲ್ ಎಳೆದುಕೊಂಡೆ. ಅವರು ತಡೆಯಲಿಲ್ಲ, ಬರಿ ಹೆಗಲಲ್ಲಿ ಹಿಂತಿರುಗಿ ಹೋದರು. ನಾಯಿ ಗೇಟಿನವರೆಗೂ ಅವರ ಹಿಂದೆ ಕುಂಟಿಕೊಂಡು ಹೋಯಿತು. ನಾನು ಗೇಟು ಹಾಕಿದೆ. ಆ ಹೊಲದವರ ಪಾಲು ಇನ್ನೂ ಹೋಗಿಲ್ಲ; ಟವೆಲ್ ನನ್ನ ಬಳಿಯೇ ಇದೆ, ನಾಯಿಗೆ ಕಾಣದ ಹಾಗೆ, ಬೀರುವಿನಲ್ಲಿ.